ಓದಿ ನೋಡಿ ಪ್ರಿಂಟ್ ಹಾಕುವ ಅಂಗಡಿ: ಸುಲ್ತಾನಪೇಟೆಯಲ್ಲಿ ಆದ ನಮ್ಮ ಆರು ಬೋರ್ಡುಗಳು

ಬೆಂಗಳೂರಿನ ಸುಲ್ತಾನಪೇಟೆಯ ಗಲ್ಲಿಯೊಂದರಲ್ಲಿ, ಮೊದಲ ಮಹಡಿಯಲ್ಲಿರುವ ಒಂದು ಡಿಜಿಟಲ್ ಪ್ರಿಂಟಿಂಗ್ ಅಂಗಡಿಯ ಬಗ್ಗೆ ಇದು. ಅಂಗಡಿಯ ಹೆಸರು ಹಾಕುತ್ತಿಲ್ಲ. ಕೆಳಗೆ ಸ್ವಲ್ಪ ಬೈದಿದ್ದೇನೆ, ಅದೊಂದು ಕಾರಣ. ಇನ್ನೊಂದು, ಮಾಲೀಕರೇ ಬೇಡ ಎಂದರು. "ಇರೋ ಕೆಲ್ಸಾನೇ ಮುಗೀತಿಲ್ಲ ಸಾರ್. ಇನ್ನೂ ಜನ ಬಂದ್ರೆ ಎಲ್ಲಿ ಕೂರಿಸ್ಲಿ?" ಕೂರಿಸುವ ಮಾತು ಹಾಗಿರಲಿ, ಅಲ್ಲಿ ನಿಲ್ಲುವುದಕ್ಕೂ ಜಾಗ ಇಲ್ಲ.

ನಮ್ಮ ಕೆಲಸ ಇಷ್ಟು. ನಾನು ಓದಿದ್ದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ. ಅಕ್ಕಪಕ್ಕದ ಬೀದಿಯ ಗೆಳೆಯರಲ್ಲಿ ಅರ್ಧ ಜನ ನನ್ನ ಶಾಲೆ, ಇನ್ನರ್ಧ ಆಚಾರ್ಯ ಪಾಠಶಾಲೆ. ಈಗ ಎಲ್ಲರೂ ರಿಟೈರ್ ಆಗಿದ್ದೇವೆ. ಹೊತ್ತು ಜಾಸ್ತಿ, ಕೆಲಸ ಕಡಿಮೆ. ಒಂದು ಭಾನುವಾರ ಸಣ್ಣ ಹಾಲ್ ಹಿಡಿದು ಎಲ್ಲರೂ ಸೇರೋಣ, ಮೊಮ್ಮಕ್ಕಳನ್ನೂ ಕರೆತರೋಣ ಎಂದಾಯಿತು. ಹಾಲಿನ ಬಾಗಿಲ ಬಳಿ ನಮ್ಮ ಕಡೆಯ ಶಾಲೆಗಳಲ್ಲಿ ಓದಿ ಹೆಸರು ಮಾಡಿದವರ ಬೋರ್ಡುಗಳನ್ನು ನಿಲ್ಲಿಸೋಣ ಎಂದೂ ಆಯಿತು. ಎರಡಡಿ ಅಗಲ, ಮೂರಡಿ ಎತ್ತರ. ಒಂದು ಶೀರ್ಷಿಕೆಗೆ, ಉಳಿದದ್ದು ಒಬ್ಬೊಬ್ಬರಿಗೆ ಒಂದೊಂದು. ಒಕ್ಕಣೆ ಬರೆಯೋದು, ಪ್ರಿಂಟ್ ಹಾಕಿಸೋದು ನನ್ನ ಪಾಲಿಗೆ ಬಂತು. ಬ್ಯಾಂಕಿನಲ್ಲಿದ್ದವನಿಗೆ ಕಾಗದದ ಕೆಲಸ ಚೆನ್ನಾಗಿ ಬರುತ್ತದೆ ಎಂದು ನಮ್ಮವರ ನಂಬಿಕೆ.

ಮೊದಲು ಮನೆ ಹತ್ತಿರದ ಒಂದು ಜೆರಾಕ್ಸ್ ಅಂಗಡಿಗೆ ಹೋದೆ. ಅಲ್ಲಿಯ ಹುಡುಗ ಪೆನ್‌ಡ್ರೈವ್ ತೆಗೆದುಕೊಂಡ, ನಾನು ಯೂನಿಕೋಡಿನಲ್ಲಿ ಟೈಪ್ ಮಾಡಿದ್ದನ್ನು ಅವನ ಹಳೆಯ ಕೋರಲ್‌ಡ್ರಾ ಡಿಸೈನ್ ಸಾಫ್ಟ್‌ವೇರಿಗೆ ತುಂಬಿದ, ಒಂದು ಪ್ರೂಫ್ ತೆಗೆದು ಕೈಗಿಟ್ಟ. ದಪ್ಪ ಅಕ್ಷರದಲ್ಲಿ "ಹಳೆ ವಿದ್ಯಾಥಿರ್ಗಳು". ಅದರ ಕೆಳಗೆ "ಕನಾರ್ಟಕ". ಕನ್ನಡದಲ್ಲಿ ಬ್ಯಾನರ್ ಮಾಡಿಸಿದವರಿಗೆಲ್ಲ ಈ ರೋಗ ಗೊತ್ತು. ಯೂನಿಕೋಡ್ ಮತ್ತು ಹಳೆ ನುಡಿ ಫಾಂಟುಗಳ ನಡುವೆ ಬದಲಾಯಿಸುವಾಗ ಅರ್ಕಾವತ್ತು ಒಂದು ಮನೆ ಆಚೆ ಹೋಗಿ ಕೂರುತ್ತದೆ. ತೋರಿಸಿದರೆ ಅವನು, "ಎಲ್ರಿಗೂ ಅರ್ಥ ಆಗುತ್ತೆ ಬಿಡಿ ಅಂಕಲ್" ಎಂದ. ಪೆನ್‌ಡ್ರೈವ್ ವಾಪಸ್ ತೆಗೆದುಕೊಂಡು ಬಂದೆ. ಸುಲ್ತಾನಪೇಟೆಯ ವಿಳಾಸ ಕೊಟ್ಟಿದ್ದು, ಮಗಳ ಮದುವೆಯ ಲಗ್ನಪತ್ರಿಕೆ ಅಲ್ಲೇ ಮಾಡಿಸಿದ್ದ ಗೆಳೆಯ.

ಅಂಗಡಿ ಹತ್ತುವ ಮೆಟ್ಟಿಲು ಕಡಿದು, ಕತ್ತಲು. ಮಂಡಿ ನೋವಿದ್ದವರು ಮನೆಯ ಹುಡುಗರನ್ನು ಕಳಿಸುವುದೇ ವಾಸಿ. ಒಳಗೆ ಎರಡು ಕಂಪ್ಯೂಟರ್, ಗೋಡೆಯುದ್ದಕ್ಕೂ ಒಂದು ದೊಡ್ಡ ಪ್ರಿಂಟರ್, ಮೂಲೆಯಲ್ಲಿ ಲ್ಯಾಮಿನೇಷನ್ ಯಂತ್ರ, ಎಲ್ಲೆಲ್ಲೂ ವಿನೈಲ್ ರೋಲು. ಇಂಕಿನ ವಾಸನೆ ತಲೆಗೆ ಏರುತ್ತದೆ. ಮಾಲೀಕರು ಒಂದು ಕಿವಿಯಲ್ಲಿ ಫೋನ್ ಇಟ್ಟುಕೊಂಡೇ ಗಿರಾಕಿಗಳ ಜೊತೆ ಮಾತಾಡುತ್ತಾರೆ. ಯಾರಿಗೆ ಉತ್ತರ ಕೊಡುತ್ತಿದ್ದಾರೆ ಎಂದು ತಿಳಿಯುವಷ್ಟರಲ್ಲಿ ಅರ್ಧ ಮಾತು ಮುಗಿದಿರುತ್ತದೆ.

ನಾನು ಫ್ಲೆಕ್ಸ್ ಎಂದೆ. ಅವರು ಬೇಡ ಎಂದರು. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಊರಿನ ಬೀದಿಗಳಿಂದ ಫ್ಲೆಕ್ಸ್ ಕಿತ್ತುಹಾಕಿದ್ದು ನೆನಪಿದೆಯಲ್ಲ. ಅವರು ಅಂದಿನಿಂದ ಆ ರೋಲು ತರಿಸುವುದೇ ಬಿಟ್ಟಿದ್ದಾರಂತೆ. ಒಳಾಂಗಣಕ್ಕಾದರೆ ಸನ್‌ಬೋರ್ಡ್ (ಹಗುರವಾದ ಫೋಮ್ ಹಲಗೆ) ಮೇಲೆ ವಿನೈಲ್ ಅಂಟಿಸಿ, ಮ್ಯಾಟ್ ಲ್ಯಾಮಿನೇಷನ್ ಮಾಡಿಸಿ ಎಂದರು. ಗ್ಲಾಸಿ ಹೊಳೆಯುತ್ತದೆ, ಫೋಟೋ ಚೆನ್ನಾಗಿ ಕಾಣುತ್ತದೆ, ಆದರೆ ಹಾಲಿನ ಟ್ಯೂಬ್‌ಲೈಟ್ ಅದರ ಮೇಲೆ ಬಿದ್ದರೆ ಅಕ್ಷರ ಓದೋಕಾಗಲ್ಲ. ಇದು ನಿಜಕ್ಕೂ ಒಳ್ಳೆಯ ಸಲಹೆ. ಚದರಡಿಗೆ 75 ರೂಪಾಯಿ, ಡಿಸೈನಿಗೆ ಬೋರ್ಡಿಗೆ 250. ಆರು ಬೋರ್ಡಿಗೆ ಒಟ್ಟು 4,200. ಮನೆ ಹತ್ತಿರದವನು ಇದಕ್ಕಿಂತ ಕಡಿಮೆ ಹೇಳಿದ್ದ. ಆದರೆ ಅವನದು ವಿದ್ಯಾಥಿರ್ಗಳ ರೇಟು.

ಇಲ್ಲಿಯವರೆಗೆ ಇದು ಎಲ್ಲ ಪ್ರಿಂಟಿಂಗ್ ಅಂಗಡಿಯ ಕಥೆ. ನಾನು ಇಷ್ಟುದ್ದ ಬರೆಯೋಕೆ ಕಾರಣ ಅಲ್ಲಿ ಡಿಟಿಪಿ ಮಾಡುವ ಹುಡುಗಿ. ಅವಳು ಟೈಪ್ ಮಾಡುವ ಮುಂಚೆ ಓದುತ್ತಾಳೆ. ನಗಬೇಡಿ. ನನಗೆ ಗೊತ್ತಿರುವ ಪ್ರೆಸ್ಸುಗಳಲ್ಲಿ ಅಕ್ಷರ ಕೂರಿಸುವವರು ಇದ್ದಾರೆ, ಓದುವವರು ಇಲ್ಲ.

ನಮ್ಮ ಗುಂಪಿನವರು ವಾಟ್ಸಾಪಿನಲ್ಲಿ ಕಳಿಸಿದ್ದನ್ನೆಲ್ಲ ಸೇರಿಸಿ ನಾನು ಒಕ್ಕಣೆ ಮಾಡಿದ್ದೆ. ಮೊದಲನೆಯ ಬೋರ್ಡು ಡಾ. ಎಚ್. ನರಸಿಂಹಯ್ಯನವರದು, ನಮಗೆಲ್ಲ ಎಚ್ಚೆನ್. ಹುಟ್ಟಿದ್ದು 1920, ಗೌರಿಬಿದನೂರು ತಾಲ್ಲೂಕಿನ ಹೊಸೂರು. ನ್ಯಾಷನಲ್ ಹೈಸ್ಕೂಲ್, ಸೆಂಟ್ರಲ್ ಕಾಲೇಜು, ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ., ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ, 1984ರಲ್ಲಿ ಪದ್ಮಭೂಷಣ. ಹೀಗೆ ಮೇಲಿಂದ ಕೆಳಗೆ ಪದವಿಗಳ ಸಾಲು. ತೀರಾ ಕೊನೆಯಲ್ಲಿ, ಜಾಗ ಉಳಿಯಿತೆಂದು, ಬದುಕಿನ ಬಹುಕಾಲ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಕಳೆದರು ಎಂಬ ಒಂದು ಸಾಲು.

ಹುಡುಗಿ ಪೂರ್ತಿ ಓದಿ ಮುಗಿಸಿ ಕೇಳಿದಳು. "ಸಾರ್, ವೈಸ್ ಚಾನ್ಸಲರ್ ಆಗಿದ್ದೋರು ಹಾಸ್ಟೆಲ್ ರೂಮಲ್ಲೇ ಇದ್ರಾ?"

"ಹೂನಮ್ಮಾ. ಮದುವೆ ಆಗ್ಲಿಲ್ಲ. ಸ್ವಂತಕ್ಕೆ ಅಂತ ಮನೇನೂ ಮಾಡ್ಲಿಲ್ಲ."

"ಮತ್ತೆ ಅದನ್ನ ಯಾಕೆ ಕೆಳಗೆ ಹಾಕಿದೀರಾ? ಅದು ಮೇಲೆ ಬರ್ಲಿ ಸಾರ್. ಪದ್ಮಭೂಷಣ ತುಂಬ ಜನಕ್ಕೆ ಬಂದಿದೆ."

ನಾನು ಇನ್ನೂ ಏನೇನು ಗೊತ್ತೋ ಹೇಳುತ್ತಾ ಹೋದೆ. ಹೈಸ್ಕೂಲಿಗೆ ಸೇರಲು ಗೌರಿಬಿದನೂರಿನ ಕಡೆಯಿಂದ ಬೆಂಗಳೂರಿಗೆ ಆ ಹುಡುಗ ನಡೆದುಕೊಂಡೇ ಬಂದಿದ್ದು, ಬಸ್ಸಿಗೆ ಕಾಸಿಲ್ಲದೆ. 1936ರಲ್ಲಿ ಗಾಂಧೀಜಿ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಮಾಡಿ ಹೇಳಿದ್ದು ಇದೇ ಹುಡುಗ. 1942ರಲ್ಲಿ ಓದು ಬಿಟ್ಟು ಜೈಲಿಗೆ ಹೋಗಿದ್ದು. ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡ, ಮೂಢನಂಬಿಕೆಗಳನ್ನು ಪರೀಕ್ಷೆ ಮಾಡಲು ಸಮಿತಿ ಕಟ್ಟಿ, ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೇ ಪತ್ರ ಬರೆದಿದ್ದು. ಆಗ ಊರೆಲ್ಲ ಅದೇ ಗಲಾಟೆ. ನಮ್ಮ ಮನೆಯಲ್ಲೇ ಅಜ್ಜಿ ಒಂದು ಕಡೆ, ಅಪ್ಪ ಒಂದು ಕಡೆ.

ಅವಳು ಕೇಳುತ್ತಾ ಕೇಳುತ್ತಾ ಸಾಲುಗಳನ್ನು ಮೇಲೆ ಕೆಳಗೆ ಮಾಡಿದಳು. ಕಾಲ್ನಡಿಗೆ ಮೇಲೆ ಬಂತು. ಹಾಸ್ಟೆಲ್ ಕೋಣೆ ಅದರ ಪಕ್ಕ. 1962ರಲ್ಲಿ ಅವರು ಶುರು ಮಾಡಿದ ಬೆಂಗಳೂರು ಸೈನ್ಸ್ ಫೋರಂಗೆ ಒಂದು ಬಣ್ಣದ ಪಟ್ಟಿ. ಬುಧವಾರ ಸಂಜೆಯ ಉಪನ್ಯಾಸಕ್ಕೆ ಯಾರು ಬೇಕಾದರೂ ಹೋಗಿ ಕೂರಬಹುದು, ದುಡ್ಡಿಲ್ಲ ಎಂದು ಅದರಲ್ಲಿ ಬರೆಸಿದೆ. ಬಾಗೇಪಲ್ಲಿ ಮತ್ತು ಗೌರಿಬಿದನೂರಿನಲ್ಲಿ ಅವರು ಕಾಲೇಜು ತೆರೆಸಿದ್ದೂ ಸೇರಿತು. ಪದವಿ, ಪ್ರಶಸ್ತಿ ಎಲ್ಲ ಕೊನೆಯಲ್ಲಿ ಎರಡು ಸಾಲಿಗೆ ಇಳಿದವು.

ಇದಕ್ಕೆ ನಮ್ಮ ಗುಂಪಿನಲ್ಲಿ ತಕರಾರು ಬಂತು. ಪ್ರಶಸ್ತಿ ಕೆಳಗೆ ಹಾಕಿದರೆ ಅವಮಾನ ಮಾಡಿದ ಹಾಗೆ ಎಂದು ಒಬ್ಬರು. ನಾನು ಹುಡುಗಿಯ ಪಕ್ಷ. ಹಳೆ ವಿದ್ಯಾರ್ಥಿಗಳ ಬಗ್ಗೆ ಯಾವ ಶಾಲೆಯ ಬೋರ್ಡು ನೋಡಿದರೂ ಒಂದೇ ಥರ ಇರುತ್ತದೆ. ಹೆಸರು, ಪದವಿ, ಪ್ರಶಸ್ತಿ, ವರ್ಷ. ಓದಿದ ಮಗುವಿಗೆ ಆ ಮನುಷ್ಯ ಏನು ಮಾಡಿದ ಎಂದೇ ಗೊತ್ತಾಗುವುದಿಲ್ಲ, ಏನು ಸಿಕ್ಕಿತು ಎಂದಷ್ಟೇ ಗೊತ್ತಾಗುತ್ತದೆ.

ಅನಿಲ್ ಕುಂಬ್ಳೆಯವರ ಬೋರ್ಡಿಗೂ ಅದೇ ಗತಿ. ಅವರೂ ನ್ಯಾಷನಲ್ ಹೈಸ್ಕೂಲ್ ಹುಡುಗ. ನಮ್ಮ ಗುಂಪಿನ ಕ್ರಿಕೆಟ್ ಹುಚ್ಚನೊಬ್ಬ ಎರಡು ಪುಟ ಅಂಕಿಅಂಶ ಕಳಿಸಿದ್ದ. 132 ಟೆಸ್ಟ್, 619 ವಿಕೆಟ್, 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಮೇಲೆ 74 ರನ್ನಿಗೆ 10 ವಿಕೆಟ್. ಇಷ್ಟು ಸಾಕು ಎಂದು ಉಳಿದದ್ದು ತೆಗೆಸಿದೆ. ಆ ಹುಡುಗಿಗೆ ಕ್ರಿಕೆಟ್ ಅಷ್ಟಕ್ಕಷ್ಟೇ. ಅವಳು ಹಿಡಿದುಕೊಂಡಿದ್ದು ಆಂಟಿಗುವಾ. 2002ರಲ್ಲಿ ದವಡೆ ಮುರಿದರೂ ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಬಂದು ಬೌಲಿಂಗ್ ಮಾಡಿದ್ದು, ಲಾರಾ ವಿಕೆಟ್ ತೆಗೆದಿದ್ದು. "ಇದೊಂದೇ ಸಾಕು ಸಾರ್" ಎಂದಳು. ಒಂದೇ ಸಾಕಾಗಲ್ಲಮ್ಮ ಎಂದು 10 ವಿಕೆಟ್ಟನ್ನೂ ಉಳಿಸಿಕೊಂಡೆ. ಆರ್‌ವಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ್ದನ್ನು ಸೇರಿಸಿದೆ. ಮೊಮ್ಮಕ್ಕಳ ಅಪ್ಪ ಅಮ್ಮಂದಿರಿಗೆ ಅದು ಬೇಕು, ಅಲ್ವಾ? ಆಟ ಬಿಟ್ಟ ಮೇಲೆ ಕರ್ನಾಟಕ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿದ್ದು, ರಾಜ್ಯ ವನ್ಯಜೀವಿ ಮಂಡಳಿಯ ಉಪಾಧ್ಯಕ್ಷರಾಗಿದ್ದು ಕೂಡ ಬಂತು. ಕ್ಯಾಮೆರಾ ಹಿಡಿದು ಕಾಡು ಸುತ್ತುವ ಕುಂಬ್ಳೆ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಫೋಟೋ ವಿಷಯಕ್ಕೆ ಬಂದರೆ ಅಂಗಡಿಯವರು ಕಟ್ಟುನಿಟ್ಟು. ನಮ್ಮವರು ಕಳಿಸಿದ್ದೆಲ್ಲ ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದ ಚಿತ್ರಗಳು. ಪರದೆಯ ಮೇಲೆ ಚೆನ್ನಾಗಿ ಕಾಣುತ್ತವೆ, ಎರಡಡಿಗೆ ಹಿಗ್ಗಿಸಿದರೆ ಮುಖವೆಲ್ಲ ಚೌಕ ಚೌಕ. ಹುಡುಗಿ ನೂರಕ್ಕೆ ನೂರು ಸೈಜಿನಲ್ಲಿ ತೆರೆದು ತೋರಿಸಿದಳು. ಬೇಕಾದರೆ ಫೋಟೋ ಅಂಗೈಯಗಲ ಹಾಕೋಣ, ದೊಡ್ಡದಾಗಿ ಹಾಕಲ್ಲ ಎಂದಳು. ಬೇರೆಯವರು ತೆಗೆದ ಚಿತ್ರವನ್ನು ಕೇಳದೆ ಹಾಕಬೇಡಿ ಎಂದು ಮಾಲೀಕರೂ ಫೋನಿನ ಮಧ್ಯೆ ಒಂದು ಮಾತು ಹೇಳಿದರು. ಕೊನೆಗೆ ಎಚ್ಚೆನ್ ಅವರದು ನಮ್ಮಲ್ಲೊಬ್ಬರ ಮನೆಯ ಆಲ್ಬಮ್ಮಿನಿಂದ ಸಿಕ್ಕಿತು. ಖಾದಿ ಜುಬ್ಬ, ಗಾಂಧಿ ಟೋಪಿ. ಸ್ಕ್ಯಾನ್ ಅವರೇ ಮಾಡಿಕೊಂಡರು, ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ.

ಆಚಾರ್ಯ ಪಾಠಶಾಲೆಯ ಕಡೆಯಿಂದ ಇಬ್ಬರು. ಒಬ್ಬರು ಸಿ.ಎನ್.ಆರ್. ರಾವ್. ಅವರ ಬಗ್ಗೆ ಬರೆಯಲು ಹೊರಟರೆ ಆರು ಬೋರ್ಡೂ ಸಾಲದು. ಸಾವಿರಕ್ಕೂ ಮೀರಿದ ಸಂಶೋಧನಾ ಪ್ರಬಂಧಗಳು, ಹತ್ತು ವರ್ಷ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರು, 1989ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರದ ಸ್ಥಾಪನೆ, 2014ರಲ್ಲಿ ಭಾರತರತ್ನ. ಹುಡುಗಿ ಕೆಂಪು ಗೆರೆ ಎಳೆದಿದ್ದು ಬೇರೆ ಸಾಲಿಗೆ. ಮನೆಯಲ್ಲಿ ಇಂಗ್ಲಿಷ್ ಮಾತು ನಡೆಯುತ್ತಿದ್ದರೂ ಅಪ್ಪ ಮಗನನ್ನು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮಕ್ಕೇ ಹಾಕಿದ್ದರು ಎಂಬ ಸಾಲು. 1947ರಲ್ಲಿ ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್, ಹದಿನೇಳನೇ ವಯಸ್ಸಿಗೆ ಬಿಎಸ್ಸಿ. "ನಾನೂ ಕನ್ನಡ ಮೀಡಿಯಮ್ಮೇ ಸಾರ್" ಎಂದು ಆ ಸಾಲಿನ ಅಕ್ಷರ ಎರಡು ಪಾಯಿಂಟ್ ದೊಡ್ಡದು ಮಾಡಿದಳು. ಮಾಲೀಕರು ನೋಡಿ, ಅಳತೆ ಕೆಟ್ಟಿತು ಎಂದು ಒಂದು ಪಾಯಿಂಟ್ ಇಳಿಸಿದರು. ಅವರು ಆಚೆ ಹೋದ ಮೇಲೆ ಮತ್ತೆ ಏರಿತು.

ಇನ್ನೊಬ್ಬರು ರಜನೀಕಾಂತ್. ಈ ಬೋರ್ಡಿಗೆ ಒಕ್ಕಣೆಯೇ ಬೇಕಿರಲಿಲ್ಲ, ಮುಖ ಇದ್ದರೆ ಸಾಕಿತ್ತು. ಆದರೂ ಬರೆದೆವು. ಗವಿಪುರದ ಸರ್ಕಾರಿ ಕನ್ನಡ ಶಾಲೆ, ಆಮೇಲೆ ಆಚಾರ್ಯ ಪಾಠಶಾಲೆ, ಅಲ್ಲಿ ನಾಟಕದ ಹುಚ್ಚು, ಬಸ್ ಕಂಡಕ್ಟರ್ ಕೆಲಸ, 1973ರಲ್ಲಿ ಮದ್ರಾಸಿನ ಫಿಲ್ಮ್ ಇನ್‌ಸ್ಟಿಟ್ಯೂಟ್, 1975ರಲ್ಲಿ ಮೊದಲ ಸಿನಿಮಾ. 2021ರಲ್ಲಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಕೈಗೆ ಬಂತು. ಇದನ್ನು ಉಳಿದವಕ್ಕಿಂತ ದೊಡ್ಡದು ಮಾಡಿಸಿ, ಜನ ಸೆಲ್ಫಿ ತೆಗೆದುಕೊಳ್ಳುತ್ತಾರೆ ಎಂದು ಗುಂಪಿನಲ್ಲಿ ಒತ್ತಾಯ ಇತ್ತು. ಸ್ಟ್ಯಾಂಡುಗಳೆಲ್ಲ ಒಂದೇ ಅಳತೆಯವು, ಆಗಲ್ಲ ಎಂದು ಮಾಲೀಕರು ಒಂದೇ ಮಾತಿಗೆ ಮುಗಿಸಿದರು. ನನಗೆ ಒಳಗೊಳಗೇ ಖುಷಿ.

ನಾಲ್ಕು ಆದವು. ಐದನೆಯದಕ್ಕೆ ನಮ್ಮಲ್ಲೇ ಒಮ್ಮತ ಇರಲಿಲ್ಲ. ಒಬ್ಬೊಬ್ಬರು ಒಂದೊಂದು ಹೆಸರು. ಕೆಲವು ಹೆಸರುಗಳಿಗೆ ಆ ಶಾಲೆಯಲ್ಲೇ ಓದಿದರು ಎನ್ನಲು ಆಧಾರವೇ ಇಲ್ಲ, "ನಮ್ಮಪ್ಪ ಹೇಳ್ತಿದ್ರು" ಅಷ್ಟೇ. ಹುಡುಗಿ ನಾಲ್ಕೂ ಪ್ರೂಫನ್ನು ಪರದೆಯ ಮೇಲೆ ಸಾಲಾಗಿ ಇಟ್ಟು ನೋಡಿ, "ಹೆಣ್ಮಕ್ಕಳು ಒಬ್ರೂ ಇಲ್ವಾ ಸಾರ್?" ಎಂದು ಕೇಳಿದಳು.

ಇದ್ದಾರೆ. ಕೆ.ಆರ್. ರಸ್ತೆಯ ಮಹಿಳಾ ಸೇವಾ ಸಮಾಜದ ಶಾಲೆ ಬೆಂಗಳೂರಿನ ಹಳೆಯ ಹೆಣ್ಣುಮಕ್ಕಳ ಸಂಸ್ಥೆಗಳಲ್ಲಿ ಒಂದು. ಅಲ್ಲಿ ಓದಿದವರಲ್ಲಿ ರಾಜೇಶ್ವರಿ ಚಟರ್ಜಿ ಒಬ್ಬರು. ಹುಟ್ಟಿದ್ದು 1922ರಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಮೊಮ್ಮಗಳು ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, ಸೇರಿದರು. ಆಮೇಲೆ ಸ್ಕಾಲರ್‌ಶಿಪ್ ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1953ರಲ್ಲಿ ಡಾಕ್ಟರೇಟ್ ಮುಗಿಸಿ, ಇಲ್ಲಿಗೇ ವಾಪಸ್ ಬಂದು ಪಾಠ ಮಾಡಲು ನಿಂತರು. ಮೈಕ್ರೋವೇವ್, ಆಂಟೆನಾ ಅವರ ವಿಷಯ. ಗಂಡ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಸೇರಿ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದರು. ಇಪ್ಪತ್ತು ವಿದ್ಯಾರ್ಥಿಗಳಿಗೆ ಪಿಎಚ್.ಡಿ. ಮಾಡಿಸಿದರು. 1982ರಲ್ಲಿ ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರದೆ ಮಹಿಳಾ ಅಧ್ಯಯನದ ಕೆಲಸಕ್ಕೆ ಇಳಿದರು. 2010ರಲ್ಲಿ ತೀರಿಕೊಂಡರು.

ಇವರ ಹೆಸರು ಹೇಳಿದಾಗ ನಮ್ಮ ಗುಂಪಿನಲ್ಲಿ ಅರ್ಧ ಜನ "ಯಾರು?" ಎಂದು ಕೇಳಿದರು. ಮೊಬೈಲಿನಲ್ಲಿ ಕೇಳಿದರು ಎನ್ನುವುದು ತಮಾಷೆ. ಒಳಗೆ ಆಂಟೆನಾ ಇಲ್ಲದಿದ್ದರೆ ಆ ಮೆಸೇಜು ನನಗೆ ಬರುತ್ತಲೇ ಇರಲಿಲ್ಲ.

ಇವರದು ಪ್ರಿಂಟಿಗೆ ಆಗುವಂಥ ಫೋಟೋ ನಮಗೆ ಸಿಗಲಿಲ್ಲ. ಹುಡುಗಿ ಫೋಟೋ ಬಿಟ್ಟು ಬರೀ ಅಕ್ಷರದಲ್ಲೇ ಬೋರ್ಡು ಮಾಡಿದಳು. ಮೇಲೆ ದೊಡ್ಡದಾಗಿ ಹೆಸರು, ಹಿಂದೆ ತೆಳುವಾಗಿ ಅಲೆಗಳ ಗೆರೆ. ಆರರಲ್ಲಿ ನೋಡೋಕೆ ಚೆಂದ ಇರುವುದು ಅದೇ. ಈ ಬೋರ್ಡಿಗೆ ಡಿಸೈನ್ ಚಾರ್ಜ್ ಬೇಡ ಎಂದೂ ಹೇಳಿದಳು. ಮಾಲೀಕರು ಒಪ್ಪಲಿಲ್ಲ, 250 ಹಿಡಿದುಕೊಂಡೇ ಬಿಟ್ಟರು. ಅಂಗಡಿ ನಡೆಸುವವರು ಅವರು, ತಪ್ಪೇನಿಲ್ಲ.

ಈಗ ಬೈಗುಳ. ಗುರುವಾರ ಸಂಜೆ ಕೊಡುತ್ತೇವೆ ಎಂದಿದ್ದರು. ಗುರುವಾರ ಫೋನ್ ಎತ್ತಲಿಲ್ಲ. ಶುಕ್ರವಾರ ಎತ್ತಿ "ಮೆಷಿನ್ ಹೆಡ್ ಕ್ಲೀನಿಂಗ್ ಸಾರ್" ಎಂದರು. ಶನಿವಾರ ಕರೆಂಟ್ ಹೋಗಿತ್ತು. ಕೈಗೆ ಬಂದಿದ್ದು ಶನಿವಾರ ಸಂಜೆ, ಮರುದಿನ ಬೆಳಗ್ಗೆ ಕಾರ್ಯಕ್ರಮ. ತಡ ಆಗುತ್ತದೆ ಎಂದು ತಾವಾಗಿ ಒಂದು ಮೆಸೇಜ್ ಹಾಕಿದ್ದರೆ ನನ್ನ ಬಿಪಿ ಮಾತ್ರೆ ಉಳಿಯುತ್ತಿತ್ತು. ಇನ್ನೊಂದು, ಕುಂಬ್ಳೆ ಬೋರ್ಡಿನ ಬಲ ಅಂಚಿನಲ್ಲಿ ಲ್ಯಾಮಿನೇಷನ್ ಒಳಗೆ ಗಾಳಿ ಸೇರಿ ಗುಳ್ಳೆ ಬಂದಿದೆ. ಅವಸರದಲ್ಲಿ ಒತ್ತಿದ ಕೆಲಸ. ತೋರಿಸಿದಾಗ ಪಿನ್ನಿನಿಂದ ಚುಚ್ಚಿ ಬೆರಳಲ್ಲಿ ತೀಡಿದರು, ಮುಕ್ಕಾಲು ಪಾಲು ಹೋಯಿತು. ಶೀರ್ಷಿಕೆಯ ಬೋರ್ಡು ಉಳಿದವಕ್ಕಿಂತ ಕಾಲು ಇಂಚು ಗಿಡ್ಡ. ಸ್ಟ್ಯಾಂಡಿನ ಮೇಲೆ ಇಟ್ಟರೆ ಗೊತ್ತಾಗಲ್ಲ, ಸಾಲಾಗಿ ಗೋಡೆಗೆ ಒರಗಿಸಿದರೆ ಕಣ್ಣಿಗೆ ಚುಚ್ಚುತ್ತದೆ. ಇವಕ್ಕೆ 200 ರೂಪಾಯಿ ಬಿಟ್ಟರು. ಕೇಳಿದ ಮೇಲೆ ಬಿಟ್ಟರು ಎನ್ನುವುದು ನೆನಪಿರಲಿ.

ಪ್ಯಾಕಿಂಗ್ ಎಂದು ಏನೂ ಕೊಡುವುದಿಲ್ಲ. ಆರೂ ಬೋರ್ಡು ಸೇರಿಸಿ ಪ್ಲಾಸ್ಟಿಕ್ ಹುರಿಯಲ್ಲಿ ಕಟ್ಟಿ ಕೈಗಿಡುತ್ತಾರೆ. ಆ ಮೆಟ್ಟಿಲು ಇಳಿದು, ಆ ಗಲ್ಲಿ ದಾಟಿ, ಆಟೋದವರ ಜೊತೆ ವಾದ ಮಾಡುವುದು ನಿಮ್ಮ ಪಾಡು. ಹಳೆ ಬೆಡ್‌ಶೀಟ್ ಒಂದು ತೆಗೆದುಕೊಂಡು ಹೋಗಿ, ಮೂಲೆಗಳು ಬೇಗ ನಜ್ಜುತ್ತವೆ. ಗಾಡಿ ನಿಲ್ಲಿಸುವ ಆಸೆಯಂತೂ ಬಿಡಿ. ದುಡ್ಡು ಯುಪಿಐ ಆಗುತ್ತದೆ. ಬಿಲ್ ಬೇಕೆಂದರೆ ಜಿಎಸ್‌ಟಿ ಮೇಲೆ.

ಆದರೂ ಮತ್ತೆ ಅಲ್ಲಿಗೇ ಹೋಗುತ್ತೇನೆ. ಆರು ಬೋರ್ಡಿನಲ್ಲಿ ಕನ್ನಡದ ಒಂದು ಒತ್ತಕ್ಷರವೂ ತಪ್ಪಿಲ್ಲ. ನಮ್ಮಲ್ಲೊಬ್ಬರು ನಿವೃತ್ತ ಕನ್ನಡ ಮೇಷ್ಟ್ರು, ಭೂತಗನ್ನಡಿ ಇಲ್ಲದೆ ಪೇಪರ್ ಓದುವುದಿಲ್ಲ. ಅವರು ಆರೂ ಓದಿ, ಒಂದು ಅಲ್ಪವಿರಾಮದ ಬಗ್ಗೆ ಮಾತ್ರ ಗೊಣಗಿದರು. ಬಣ್ಣ ಪರದೆಯಲ್ಲಿ ಕಂಡದ್ದಕ್ಕಿಂತ ಸ್ವಲ್ಪ ಗಾಢವಾಗಿ ಬಂದಿದೆ, ಮ್ಯಾಟ್‌ನಲ್ಲಿ ಹಾಗೇ ಆಗುತ್ತದಂತೆ. ಅಕ್ಷರ ಐದಾರು ಅಡಿ ದೂರದಿಂದ ಕನ್ನಡಕ ಇಲ್ಲದೆ ಓದಬಹುದು. ಹಾಲಿನಲ್ಲಿ ಸೆಲ್ಫಿ ಎಲ್ಲ ರಜನೀಕಾಂತ್ ಮುಂದೆಯೇ ಆಯಿತು, ಅದು ನಿರೀಕ್ಷೆ ಇದ್ದದ್ದೇ. ಆದರೆ ನನ್ನ ಗೆಳೆಯನ ಮೊಮ್ಮಗಳು, ಎಂಟನೇ ಕ್ಲಾಸು, ಎಚ್ಚೆನ್ ಬೋರ್ಡಿನ ಬಣ್ಣದ ಪಟ್ಟಿ ಓದಿ, ಬುಧವಾರದ ಉಪನ್ಯಾಸ ಎಷ್ಟು ಗಂಟೆಗೆ ಎಂದು ತಾತನನ್ನು ಹಿಡಿದುಕೊಂಡಳು. ತಾತನಿಗೆ ಧಾರಾವಾಹಿ ತಪ್ಪುವ ಚಿಂತೆ.

ಹೋಗುವವರಿಗೆ ಎರಡು ಮಾತು. ಒಕ್ಕಣೆಯನ್ನು ಯೂನಿಕೋಡಿನಲ್ಲಿ ಒಂದು ಫೈಲ್, ಜೊತೆಗೆ ಪಿಡಿಎಫ್ ಒಂದು ಕೊಡಿ. ಅವರ ಹತ್ತಿರ ಹೊಸ ಸಾಫ್ಟ್‌ವೇರ್ ಇದೆ, ನುಡಿಗೆ ಬದಲಾಯಿಸುವ ಗೋಜಿಲ್ಲ, ಆದರೂ ತಾಳೆ ನೋಡೋಕೆ ಪಿಡಿಎಫ್ ಬೇಕು. ಕಾರ್ಯಕ್ರಮದ ದಿನಾಂಕ ನಿಜವಾದದ್ದಕ್ಕಿಂತ ನಾಲ್ಕು ದಿನ ಹಿಂದೆ ಹೇಳಿ. ಮಧ್ಯಾಹ್ನ ಎರಡರಿಂದ ಮೂರು ಊಟದ ಹೊತ್ತು, ಆಗ ಡಿಟಿಪಿ ಹುಡುಗಿ ಇರಲ್ಲ, ಮಾಲೀಕರ ಕೈಗೆ ಪ್ರೂಫ್ ಕೊಟ್ಟು ಬರಬೇಡಿ. ವಿಸಿಟಿಂಗ್ ಕಾರ್ಡ್, ಲಗ್ನಪತ್ರಿಕೆ ಕೂಡ ಮಾಡುತ್ತಾರೆ, ನಾನು ಮಾಡಿಸಿಲ್ಲ. ನಿಜವಾಗಿ ಕನ್ನಡದ ಕೆಲಸ ಇರುವವರು ಕೇಳಿದರೆ ವಿಳಾಸ ಹೇಳುತ್ತೇನೆ. ಮಾಲೀಕರಿಗೆ ನನ್ನ ಹೆಸರು ಹೇಳದಿದ್ದರೆ ಸಾಕು.